ಬ್ರೇಕಿಲ್ಲದ ಮಾಮ

...ಸೈಕಲ್ಲಿನ ಹಿಂದಿನ ಗಾಲಿಯೇ ಇರಬೇಕು. ಮುಂದಿನದಾಗಿದ್ದರೆ ಕ್ಯಾರಿಯರ್ ಮೇಲೆ ಕೂತ ನನಗೆ ಅದು ಒಡೆದ ಸದ್ದು ಅಷ್ಟು ಜೋರಾಗಿ ಕೇಳುತ್ತಿರಲಿಲ್ಲ. ಅಥವಾ ಸದ್ದೇ ಆಗಿರಲಿಲ್ಲವೇನೋ. ವರ್ಷಗಟ್ಟಲೆ ಹೇಳುತ್ತ ಹೇಳುತ್ತ ನಾನೇ ಸೇರಿಸಿರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ. ಒಂದನ್ನು ಮಾತ್ರ ನಂಬಬಹುದು: ನಮ್ಮ ಸೋದರಮಾವನಷ್ಟು ಕೆಟ್ಟ ದಾರಿಯಲ್ಲಿ ಸೈಕಲ್ ಹೊಡೆಯುವವರು ಇಡೀ ಗಂಗಾವತಿ ತಾಲ್ಲೂಕಿನಲ್ಲಿ ಇರಲಿಲ್ಲ!

ರಸ್ತೆಯನ್ನು ಬಸ್ಸಿಗಾಗಿ ಮಾಡಿದ್ದಾರೆ, ಅದರ ಮೇಲೆ ಸೈಕಲ್ ಹೊಡೆಯುವುದು ಕಳ್ಳತನ ಎಂದು ಅವನ ವಾದ. ಕನಕಗಿರಿಯ ಅವನ ಮನೆಯಿಂದ ಹೊರಟ ಸೈಕಲ್ಲು ಕಲ್ಲು, ಮುಳ್ಳು, ಹಳ್ಳಗಳನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಬ್ರೇಕುಗಳನ್ನು ತಾನೇ ಬಿಚ್ಚಿ ಅಟ್ಟದ ಮೇಲೆ ಎಸೆದಿದ್ದ. "ಬ್ರೇಕ್ ಇದ್ದವಗ ಅಂಜಿಕಿ ಬಿಡೂದಿಲ್ಲವ್ವ" ಅನ್ನುತ್ತಿದ್ದ. ಹಾಗಾದರೆ ನಿಲ್ಲಿಸುವುದು ಹೇಗೆ? ಕಾಲು ಚಾಚಿ ಚಪ್ಪಲಿಯನ್ನು ಮುಂದಿನ ಗಾಲಿಗೆ ಒತ್ತುವುದು! ಟೈರಿಗಿಂತ ಮೊದಲು ಚಪ್ಪಲಿ ಸವೆಯುತ್ತಿತ್ತು. ಚಪ್ಪಲಿ ಹೊಲಿಯುವವನು ಮಾಮನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ.

ಇನ್ನೊಂದು ಸಂಗತಿ ಅವನ ಬಿಳಿ ರುಮಾಲು. ರುಮಾಲಿಲ್ಲದ ಮಾಮನನ್ನು ಕಂಡವರಿಲ್ಲ. ಒಳಗೆ ಬೋಳು ಅಂತ ಒಬ್ಬರು, ಕರಡಿ ಪರಚಿದ ಗಾಯ ಅಂತ ಇನ್ನೊಬ್ಬರು. ಸೊಂಪಾದ ಕೂದಲಿದೆ, ದೃಷ್ಟಿಯಾದೀತೆಂದು ಮುಚ್ಚುತ್ತಾನೆ ಅಂತ ಅವನ ಹೆಂಡತಿ, ನಮ್ಮ ಅತ್ತೆ. ಆಕೆಯೂ ನೋಡಿದಂತಿರಲಿಲ್ಲ! ಕೇಳಿದರೆ ಅವನದು ಒಂದೇ ಉತ್ತರ: "ಬರೀ ತಲಿಲೆ ಹೊರಗ ಬರೂದು ಮನಿಯಾಗ ಯಾರರ ಸತ್ತಾಗ ಅಷ್ಟ."

ನನಗೆ ಹುಲಿಹೈದರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಎಪ್ಪತ್ತರ ದಶಕದ ಕೊನೆ ಅನಿಸುತ್ತದೆ. ಹಾಜರಾಗಲು ಅದೇ ಕೊನೆಯ ದಿನ. ಶಾಲೆ ಮುಚ್ಚುವುದರೊಳಗೆ ಸಹಿ ಮಾಡದಿದ್ದರೆ ಆ ಜಾಗ ಬೇರೆಯವರ ಪಾಲು. ಅಪ್ಪನ ಕರಾರು ಇನ್ನೂ ಸರಳವಾಗಿತ್ತು: ನೌಕರಿ ತಪ್ಪಿದರೆ ಕುಷ್ಟಗಿಯ ವರ. ಆ ವರ ನನ್ನನ್ನು ನೋಡಲು ಬಂದವನು ಉಪ್ಪಿಟ್ಟನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದಿದ್ದ. ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಹಿಂದಿನ ದಿನವೇ ಬಂದು ಮಾಮನ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಕಾದೆವು, ಕಾದೆವು, ಬಸ್ಸು ಬರಲಿಲ್ಲ. ಮಾಮನ ಮುಖದಲ್ಲಿ ಏನು ಸಂಭ್ರಮ! ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿ, ಟ್ರಂಕನ್ನು ಹ್ಯಾಂಡಲ್ಲಿಗೆ ಕಟ್ಟಿ, ಗುಡ್ಡದ ಕಡೆ ತಿರುಗಿಸಿದ.

ಬಂಡೆಗಳ ನಡುವೆ ಒಂದು ಆಡು ಹಿಡಿಯುವಷ್ಟು ಅಗಲದ ಕಾಲುದಾರಿ. ಇಳಿದು ನಡೆಯೋಣ ಅಂದೆ. "ಸೈಕಲ್ಲಿಗೆ ದಾರಿ ಗೊತ್ತೈತಿ, ನಾ ಸುಮ್ನ ಮ್ಯಾಲ ಕುಂತೀನಿ" ಅಂದ. ಒಂದು ದೊಡ್ಡ ಹಾಸುಬಂಡೆಯಿಂದ ಕೆಳಗೆ ಇಳಿದದ್ದು ಹೇಗೆಂದು ಹೇಳಲಾರೆ, ಕಣ್ಣು ಮುಚ್ಚಿದ್ದೆ. ತೆರೆದಾಗ ನಾವು ನೆಟ್ಟಗೇ ಇದ್ದೆವು. ಟ್ರಂಕು ಮಾತ್ರ ನಮಗಿಂತ ಮೊದಲು ಕೆಳಗೆ ತಲುಪಿತ್ತು!

ಮೊದಲು ಜಾಲಿಮುಳ್ಳು. ಅದಕ್ಕೆ ತೇಪೆ ಹಚ್ಚಿದ. ಆಮೇಲೆ ಚೂಪುಗಲ್ಲು, ಟ್ಯೂಬು ಉದ್ದಕ್ಕೆ ಸೀಳಿತು. ಮಾಮ ಅದನ್ನು ಕಿತ್ತೆಸೆದು, ಹಳ್ಳದ ದಂಡೆಯ ಹಸಿ ಹುಲ್ಲನ್ನು ಕಿತ್ತು ಟೈರಿನೊಳಗೆ ತುಂಬಿ ಹೊರಟೇಬಿಟ್ಟ. ಸ್ವಲ್ಪ ದೂರದಲ್ಲಿ ಹಿಂದಿನಿಂದ ಏನೋ ಎಳೆದಂತಾಯಿತು. ತಿರುಗಿದರೆ ಆಡಿನ ಹಿಂಡು, ಟೈರಿನಿಂದ ಇಣುಕಿದ ಹುಲ್ಲನ್ನು ಓಡುತ್ತಲೇ ಮೇಯುತ್ತಿದೆ! ಆಡು ಕಾಯುವವನು ಕೂಗಿದ: "ಗೌಡ್ರ, ನಿಲ್ಸರಿ, ನಿಮ್ಮ ಗಾಲಿ ಖಾಲಿ ಆಗಾಕ ಹತ್ತೈತಿ."

"ಮೇಯಲಿ ಬಿಡೋ ತಮ್ಮಾ. ಹಿಂದ ಎಳದ್ರ ಬ್ರೇಕ್ ಹಾಕಿದಂಗ ಆಕ್ಕತಿ."

ಉಳಿದ ಹುಲ್ಲು ಕಲ್ಲಿಗೆ ಅರೆದು ಚಟ್ನಿಯಾಯಿತು. ಗಾಲಿಯ ಉಕ್ಕಿನ ಬಳೆ ಬಂಡೆಗೆ ಬಡಿದು ಸೈಕಲ್ ನಿಂತಿತು. ಹೊತ್ತು ವಾಲಿತ್ತು. ನಡೆದು ಹೋದರೆ ಶಾಲೆ ಮುಚ್ಚಿರುತ್ತದೆ. ಟ್ರಂಕಿನ ಮೇಲೆ ಕೂತು ಅತ್ತುಬಿಟ್ಟೆ. ಕಣ್ಣ ಮುಂದೆ ಆ ಉಪ್ಪಿಟ್ಟಿನ ತಟ್ಟೆ.

ಮಾಮ ಹೊತ್ತನ್ನು ನೋಡಿದ, ನನ್ನನ್ನು ನೋಡಿದ.

"ಆ ಕಡಿ ಮುಖ ಮಾಡಿ ನಿಂದ್ರು" ಅಂದ.

ತಿರುಗಿ ನಿಂತೆ. ಹಿಂದೆ ಸುತ್ತಿದ ಬಟ್ಟೆ ಬಿಚ್ಚುವ ಸದ್ದು, ಮುಗಿಯದಷ್ಟು ಹೊತ್ತು. ಆಮೇಲೆ ಟೈರನ್ನು ಬಳೆಗೆ ಸೇರಿಸುವ ಏದುಸಿರು.

"ಹೊಳ್ಳಿ ನೋಡಬ್ಯಾಡವ್ವ. ಹಂಗ ಹಿಂದ ಹಿಂದ ಸರದು ಬಂದು ಕುಂದ್ರು."

ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಬೆನ್ನಿಗೆ ಬೆನ್ನು ಕೊಟ್ಟು, ಬಂದ ದಾರಿಯನ್ನೇ ನೋಡುತ್ತ ಕೂತು ನನ್ನ ಮೊದಲ ನೌಕರಿಗೆ ಹೋದೆ. ಟೈರಿನಿಂದ ತಪ್ಪಿಸಿಕೊಂಡ ಒಂದು ಬಿಳಿ ಬಟ್ಟೆಯ ಚುಂಗು ನನ್ನ ಕಾಲ ಕೆಳಗೆ ಧೂಳಿನಲ್ಲಿ ಎಳೆದುಕೊಂಡು ಬರುತ್ತಿತ್ತು.

ಹುಲಿಹೈದರದ ಹೊರಗೆ, ಊರು ನನ್ನ ಎದುರಿಗೆ ಬರುವಂತೆ ಸೈಕಲ್ ತಿರುಗಿಸಿ ನಿಲ್ಲಿಸಿದ. "ಇಲ್ಲಿಂದ ನಡಕೊಂತ ಹೋಗು. ನಾ ಊರಾಗ ಬರೂಹಂಗಿಲ್ಲ."

ಟ್ರಂಕು ಹೊತ್ತು, ತಿರುಗಿ ನೋಡದೆ ಓಡಿದೆ. ಹೆಡ್‌ಮಾಸ್ತರರು ಬಾಗಿಲಿಗೆ ಬೀಗ ಹಾಕುತ್ತಿದ್ದವರು ಮತ್ತೆ ತೆರೆದರು. ಸಹಿ ಮಾಡಿದೆ.

ಅವ್ವ ಇದನ್ನೆಲ್ಲ ಒಪ್ಪುವುದಿಲ್ಲ. ಟೈರಿಗೆ ತುಂಬಿದ್ದು ನನ್ನ ಹಾಸಿಗೆಯ ಚಾದರ ಅನ್ನುತ್ತಾಳೆ. ತನ್ನ ಅಣ್ಣ ರುಮಾಲು ತೆಗೆಯುವವನೇ ಅಲ್ಲವಂತೆ. ಇರಬಹುದು. ಆದರೆ ಆ ರಾತ್ರಿ ನಾನು ಹೊದ್ದು ಮಲಗಿದ್ದು ಅದೇ ಚಾದರ. ಮುಂದಿನ ಸಲ ಬಂದಾಗ ಮಾಮನ ರುಮಾಲಿನ ಮೇಲೆ ತೊಳೆದರೂ ಹೋಗದ ಕಪ್ಪು ಗೆರೆಯಿತ್ತು. ಹೊಸ ಡಿಸೈನು ಅಂದ.

ಮಾಮ ಈಗಿಲ್ಲ. ಒಳಗಿದ್ದದ್ದು ಬೋಳೋ, ಗಾಯವೋ ನನಗೆ ಗೊತ್ತಿಲ್ಲ. ಆ ಸಂಜೆ ಅವನು ಬರಿದಲೆಯಲ್ಲಿ ಯಾವ ದಾರಿ ಹಿಡಿದು ಮನೆ ಸೇರಿದನೋ, ಯಾರು ಯಾರು ಎದುರಾದರೋ, ಅವರೆಲ್ಲ ಕೈ ಮುಗಿದು ಮನೆಯಲ್ಲಿ ಯಾರು ತೀರಿಕೊಂಡರೆಂದು ಕೇಳಿದಾಗ ಅವನು ಏನು ಹೇಳಿದನೋ, ಅದೂ ಗೊತ್ತಿಲ್ಲ.