ನನ್ನ ಬ್ರೇಕ್ ಪೈಪನ್ನು ತಿಂದು ತೇಗಿದ ರಸ್ತೆಯ ಉಪ್ಪಿಗೆ

ಮಾನ್ಯ ರಸ್ತೆ ಉಪ್ಪಿನವರೇ,

ಹ್ಯಾನ್ನುಲಾ ಸರೋವರದ ದಂಡೆಯಿಂದ, ಎಂಟನೇ ತರಗತಿಯವರೆಗೆ ಒಂದೇ ಕೋಣೆಯ ಶಾಲೆಯಲ್ಲೂ ಮಿಕ್ಕದ್ದನ್ನು ಗಾಡಿಗಳ ಅಡಿಯಲ್ಲೂ ಕಲಿತ ವಿಲ್ಹೊ ಕಾಂಗಾಸ್ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂಬುದು ಬರಿಯ ಮರ್ಯಾದೆಯ ಮಾತಲ್ಲ. ತಮ್ಮ ಕೃಪೆಯಿಂದ ನಾಲ್ಕು ದಿನ ನನ್ನ ಪಿಕಪ್ಪಿನ ಅಡಿಯಲ್ಲಿ, ಕರಗುತ್ತಿದ್ದ ಹಿಮದ ರೊಚ್ಚೆಯಲ್ಲಿ ಬಿದ್ದುಕೊಂಡಿದ್ದೆ. ಅಂಗಾತ ಬಿದ್ದಿದ್ದೆ ಎಂಬುದಷ್ಟೇ ವ್ಯತ್ಯಾಸ.

ತಮ್ಮಂಥ ಕರ್ತವ್ಯನಿಷ್ಠರನ್ನು ನಾನು ಕಂಡಿಲ್ಲ. ಹಿಮ ಜಾಸ್ತಿ ಬಿತ್ತೆಂದು ಭಾನುವಾರ ಪಾದ್ರಿಗಳು ಚರ್ಚಿಗೆ ಬಾರದೆ ಇದ್ದಾರು, ತಾವು ತಪ್ಪಿಸಿದವರಲ್ಲ. ರಸ್ತೆಯ ಮಂಜುಗಡ್ಡೆ ಕರಗಿಸುವುದಷ್ಟೇ ತಮಗೆ ವಹಿಸಿದ ಕೆಲಸವಾದರೂ, ಅಷ್ಟಕ್ಕೇ ಕೈಕಟ್ಟಿ ಕೂರದೆ, ಚಕ್ರ ಹತ್ತಿ, ಚಾಸಿ ಏರಿ, ಕರೆಯದ ಮನೆಗೂ ಹೋಗಿ ಊಟಕ್ಕೆ ಕೂರುವ ತಮ್ಮ ಸಲಿಗೆಯನ್ನು ಏನೆಂದು ಹೊಗಳಲಿ?

ಪ್ರತಿ ಅಕ್ಟೋಬರಿನಲ್ಲೂ ನಾನು ಇಂಜಿನ್ನಿನಿಂದ ತೆಗೆದ ಹಳೇ ಆಯಿಲನ್ನು ಗಾಡಿಯ ಹೊಟ್ಟೆಗೆಲ್ಲ ಬ್ರಷ್ಷಿನಿಂದ ಬಳಿದು, ಧೂಳು ರಸ್ತೆಯಲ್ಲಿ ಎರಡು ಸುತ್ತು ಓಡಿಸಿ, ಅದು ಗಟ್ಟಿ ಕವಚವಾಗುವಂತೆ ಮಾಡುವವನು. ಅಪ್ಪನಿಂದ ಬಂದ ವಿದ್ಯೆ. ಈ ಸಲವೂ ಮುಗಿಸಿ, ದನದ ಮೇವಿನ ಅಂಗಡಿಯಲ್ಲಿ ಊರವರು ಸೇರುವ ಕಾಫಿ ಮೇಜಿನ ಮುಂದೆ ನಿಂತು, “ನನ್ನ ಗಾಡಿಗೆ ತುಕ್ಕು ಹಿಡಿದ್ರೆ ಮೀಸೆ ಬೋಳಿಸ್ತೀನಿ ಕಣ್ರೋ!” ಎಂದು ಘೋಷಿಸಿದ್ದೆ. ಅಡಿಯಲ್ಲಿ ಮಲಗಿದವನ ಕೈಗೆ ಎಟುಕಿದ್ದಕ್ಕೆಲ್ಲ ಆಯಿಲ್ ಬಳಿದಿದ್ದೆ, ನಿಜ. ಬ್ರೇಕ್ ಪೈಪು ಹಾದುಹೋಗುವುದು ಮಾತ್ರ ಚಾಸಿಯ ಮೇಲುಮಗ್ಗುಲಲ್ಲಿ, ಕೈಗೆ ಎಟುಕದ ಕಡೆ. ತಾವು ಎಲೆ ಹಾಕಿಕೊಂಡು ಕೂತದ್ದೂ ಅಲ್ಲೇ.

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಿಲ್ಲಿಸಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವ ಗುಡಿಸಲುಗಳೆಲ್ಲ, ಅದು ಕರಗುವ ಮೊದಲು, ಮಾರ್ಚ್ ಮೂವತ್ತೊಂದರೊಳಗೆ ದಂಡೆಗೆ ಬರಬೇಕೆಂಬುದು ತಮಗೂ ಗೊತ್ತು. ನಮ್ಮ ಗುಡಿಸಲು ನನ್ನ ಹೆಂಡತಿ ಲೆಂಪಿಯದು. ಅವಳ ಅಪ್ಪ ಕೈಯಾರೆ ಕಟ್ಟಿ, ಒಳಗೆ ಅವಳ ಎತ್ತರಕ್ಕೆ ಸರಿಯಾಗಿ ಬೆಂಚು ಹಾಕಿಕೊಟ್ಟದ್ದು. ಚಳಿಗಾಲವಿಡೀ ಅವಳು ನನ್ನ ಜೊತೆಗಿಂತ ಹೆಚ್ಚು ಮಾತಾಡುವುದು ಅದರ ಜೊತೆಗೆ. ಅದನ್ನು ಎಳೆದು ತರಲೆಂದು ಇಪ್ಪತ್ತೆಂಟರ ಬೆಳಿಗ್ಗೆ ಹೊರಟು ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದರೆ, ಪೆಡಲಿನ ಸಮೇತ ಕಾಲು ನೆಲಕ್ಕೆ ಹೋಯಿತು. ಗಾಡಿ ನಿಂತದ್ದು ಅವಳ ತಮ್ಮ ರುಡಿಯ ಅಂಗಳದ ಹಿಮದ ಗುಡ್ಡೆಯಲ್ಲಿ.

“ಆಹಾ, ಎಂಥಾ ಪಾರ್ಕಿಂಗ್ ಭಾವ!” ಎಂದ ರುಡಿ, ಏಲಕ್ಕಿ ಹಾಕಿದ ನಿಸು ಬ್ರೆಡ್ಡನ್ನು ಕಾಫಿಗೆ ಅದ್ದುತ್ತಾ. ಆಮೇಲೆ ಬಗ್ಗಿ ನೋಡಿ, “ತೇಪೆ ಹಾಕ್ಬೇಡಿ. ಮುಂದಿನಿಂದ ಹಿಂದಿನವರೆಗೂ ಹೊಸ ಪೈಪ್ ಎಳೀರಿ” ಎಂದ.

“ನೀನು ಕಾಫಿ ಕುಡಿ. ಗಾಡಿ ವಿಷಯ ನಂಗೆ ಬಿಡು” ಎಂದೆ.

ಕೊಳೆತ ಗೇಣುದ್ದ ಪೈಪನ್ನು ಕತ್ತರಿಸಿ, ಹೊಸ ತುಂಡು ಜೋಡಿಸಿ, ಲೆಂಪಿಗೆ ಪೆಡಲ್ ಒತ್ತಲು ಹೇಳಿದೆ. ಜೋಡಣೆ ಭದ್ರವಾಗಿಯೇ ನಿಂತಿತು. ಅದರಾಚೆಗೆ ಒಂದು ಮೊಳ ದೂರದಲ್ಲಿ ‘ಫುಸ್’ ಎಂದಿತು. ಮರುದಿನ ಅಲ್ಲಿಗೆ ತೇಪೆ. ಇನ್ನೊಂದು ಮೊಳದಾಚೆ ‘ಫುಸ್’. ಮೂರನೆಯ ದಿನವೂ ಅದೇ ಕಥೆ. ಒಂದು ಅಂಗುಲವನ್ನೂ ಬಿಡದೆ ಸಮನಾಗಿ ಮೇಯ್ದ ತಮ್ಮ ನ್ಯಾಯಬುದ್ಧಿಗೆ ತಲೆಬಾಗಿದೆ. ಅಷ್ಟರಲ್ಲಿ ಸರೋವರದ ಮೇಲೆ ಉಳಿದದ್ದು ನಮ್ಮ ಗುಡಿಸಲೊಂದೇ. ಸುತ್ತ ಮಂಜುಗಡ್ಡೆ ನೀಲಿಗಟ್ಟಿ ನೀರೂರುತ್ತಿತ್ತು. ಬೇರೆಯವರ ಗಾಡಿ ಕೇಳಬಹುದಿತ್ತಲ್ಲ ಎನ್ನುವಿರಿ. ಕಾಫಿ ಮೇಜಿನ ಮುಂದೆ ಅಷ್ಟು ಬಡಾಯಿ ಕೊಚ್ಚಿದ ಬಾಯಿ ಕೇಳಲು ಹೇಗೆ ತೆರೆದೀತು?

ಮೂವತ್ತೊಂದರ ಬೆಳಿಗ್ಗೆ ಲೆಂಪಿ ತುಕ್ಕು ಹಿಡಿಯದ ತಾಮ್ರಬೆರಕೆ ಪೈಪಿನ ಸುರುಳಿಯೊಂದನ್ನು ನನ್ನ ಎದೆಯ ಮೇಲೆ ಹಾಕಿದಳು. ರುಡಿ ಮೊದಲ ದಿನವೇ ತಂದಿಟ್ಟಿದ್ದನಂತೆ. ಮಧ್ಯಾಹ್ನದೊಳಗೆ ಪೂರ್ತಿ ಎಳೆದೆ. ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಒಬ್ಬರು ಕೆಳಗೆ ಮಲಗಿ ಸ್ಕ್ರೂ ಸಡಿಲಿಸಬೇಕು. ಮೂರು ಚಕ್ರ ಮುಗಿದವು.

“ಒತ್ತು!” ಎಂದೆ. ಪೆಡಲ್ ಅಲುಗಲಿಲ್ಲ. “ಲೇ, ಒತ್ತೇ!”

“ಮೊದ್ಲು ಹೇಳ್ರಿ. ತಪ್ಪು ಯಾರ್ದು?”

“ಉಪ್ಪಿಂದು.”

“ನಂಗೇನೂ ಅವಸರ ಇಲ್ಲ. ಅಲ್ಲಿ ಅಪ್ಪನ ಗುಡಿಸಲಿಗೆ ಇದ್ಯೇನೋ.”

ಆಗ ಚಾಸಿಯಿಂದ ಒಂದು ಹನಿ ಜಾರಿ ಸೀದಾ ನನ್ನ ತುಟಿಯ ಮೇಲೆ ಬಿತ್ತು. ತಾವೇ. ರುಚಿ ಗುರುತು ಹಿಡಿದೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ಒಮ್ಮೆಯೂ ಆಡದ ಮಾತನ್ನು, ರುಡಿ ಕಿವಿ ನೆಟ್ಟಗೆ ಮಾಡಿ ನಿಂತಿರುವಾಗ, ಆಡಿದೆ.

“ಕೇಳಿಸ್ಲಿಲ್ಲ” ಎಂದಳು. ಇನ್ನೊಮ್ಮೆ ಆಡಿದೆ.

ಒತ್ತಿದಳು. ಸಂಜೆಗೆ ಗುಡಿಸಲು ದಂಡೆಗೆ ಬಂತು, ಒಂದು ಮೂಲೆ ಮಾತ್ರ ಒದ್ದೆಯಾಗಿ. ಇಳಿಜಾರಿನಲ್ಲಿ ಬ್ರೇಕು ಹಿಡಿದ ರೀತಿಗೆ ಲೆಂಪಿ ನನ್ನ ಭುಜ ತಟ್ಟಿದಳು.

ಆದಕಾರಣ ತಮ್ಮಲ್ಲಿ ಅರಿಕೆಗಳಿಷ್ಟು: ಮುಂದಿನ ವರ್ಷದಿಂದ ನನ್ನ ಗಾಡಿ ಬರುವಾಗ ತಾವು ದಯವಿಟ್ಟು ರಸ್ತೆಯ ಆಚೆ ಬದಿಗೆ ಸರಿದು ನಿಲ್ಲಬೇಕು, ಯಾವುದೇ ಪೈಪನ್ನು ತಿನ್ನುವ ಮುನ್ನ ಹದಿನೈದು ದಿನದ ನೋಟಿಸು ಕೊಡಬೇಕು, ಮತ್ತು ಆ ಎರಡು ಮಾತುಗಳನ್ನು ನನ್ನ ಬಾಯಿಂದ ಹೊರಡಿಸಿದ ಹಾಗೆಯೇ ಹಿಂದಕ್ಕೆ ಸೇರಿಸಬೇಕು. ಕಬ್ಬಿಣ ಹೋದರೆ ಹೋಗಲಿ.

ಮೀಸೆಯಿಲ್ಲದ ತುಟಿ ಚಳಿಗೆ ನಡುಗುತ್ತಿರುವ,
ತಮ್ಮ ವಿಶ್ವಾಸಿ,
ವಿಲ್ಹೊ ಕಾಂಗಾಸ್

ತಾ.ಕ.: ಇದನ್ನು ನಮ್ಮೂರ ಪತ್ರಿಕೆಗೆ ಅಂಚೆಯಲ್ಲಿ ಹಾಕಲು ಹೊರಟಾಗ ಗಾಡಿಯಡಿ ಒಂದು ತೊಟ್ಟು ಕಂಡೆ. ಬ್ರೇಕ್ ಆಯಿಲ್ ಅಲ್ಲ, ಪೆಟ್ರೋಲ್. ಆ ಪೈಪಿಗೂ ತೇಪೆ ಸಾಕೆಂದು ನನಗನ್ನಿಸುತ್ತದೆ. ಲೆಂಪಿಗೆ ಹೇಳಿಲ್ಲ, ಈ ಪತ್ರ ಅಚ್ಚಾದ ದಿನ ಅವಳು ಓದುವ ಮೊದಲೇ ಆ ಪುಟದಿಂದಲೇ ನಮ್ಮ ಹಬೆಸ್ನಾನದ ಕೋಣೆ ಸೌನಾದ ಒಲೆ ಹೊತ್ತಿಸುತ್ತೇನೆ. ತಾವು ಬಾಯಿಬಿಡಬಾರದಾಗಿ ಪ್ರಾರ್ಥನೆ.