ಆಯಮ್ಮನ ಪೆಟ್ರೋಲ್ ಸತ್ಯಾಗ್ರಹ

ಆಯಮ್ಮನ ಕಾರು ಹಳೆಯದು. ಹಾರನ್ ಒತ್ತಿದರೆ ವೈಪರ್ ಅಲ್ಲಾಡುತ್ತಿತ್ತು. ಆದರೂ ಅದು ಸ್ವಂತದ್ದು, ಊರವರ ಮಕ್ಕಳನ್ನು ಎತ್ತಿ ಆಡಿಸಿ ಕೂಡಿಟ್ಟ ದುಡ್ಡಿನದು. ಈಗ ಅದು ಕೆಲಸದ ಮನೆಯ ಅಕ್ಕ-ತಮ್ಮನನ್ನು ಶಾಲೆಗೆ, ಈಜಿಗೆ, ಹಲ್ಲಿನ ಡಾಕ್ಟರ ಬಳಿಗೆ ಹೊತ್ತು ತಿರುಗುತ್ತಿತ್ತು. ಕುಡಿಯುತ್ತಿದ್ದುದು ಮಾತ್ರ ಆಯಮ್ಮನ ಸಂಬಳವನ್ನು. ಟೈರುಗಳು ಬೋಳಾಗಿದ್ದವು. ಬದಲಿಸದಿದ್ದರೆ ಕಾರು ಮೂಲೆಗೆ. ಕಾರಿಲ್ಲದ ಆಯಾಳನ್ನು ಈ ಕಾಲದಲ್ಲಿ ಯಾವ ಮನೆಯೂ ಮೂಸುವುದಿಲ್ಲ.

ಮಕ್ಕಳ ತಾಯಿ ದೊಡ್ಡ ಕಚೇರಿಯೊಂದರ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ. ಸ್ವಂತ ವಾಹನದಲ್ಲಿ ಕೆಲಸಕ್ಕೆ ಓಡಾಡಿದವರಿಗೆ ಕಿಲೋಮೀಟರಿಗೆ ಇಷ್ಟೆಂದು ಸಹಿ ಹಾಕುವವರು ಅವರೇ. ಹಾಗಾಗಿ ಆಯಮ್ಮ ಪೆಟ್ರೋಲಿನ ಖರ್ಚನ್ನೂ ಟೈರಿನ ಸವೆತವನ್ನೂ ಧೈರ್ಯವಾಗಿಯೇ ಕೇಳಿದಳು.

ಮೇಡಂ ನೊಂದುಕೊಂಡರು. "ಅದು ಆಫೀಸು ಆಯಮ್ಮ. ನೀವು ನಮ್ಮನೆಯವರ ಥರ. ಮನೆಯವರ ಹತ್ರ ಯಾರಾದ್ರೂ ಕಿಲೋಮೀಟರ್ ಲೆಕ್ಕ ಹಾಕ್ತಾರಾ?"

"ನಾನು ಮನೆಯವಳು ಅಂತ ಪೆಟ್ರೋಲ್ ಬಂಕಿನವನಿಗೂ ಒಂದು ಮಾತು ಹೇಳ್ಬಿಡಿ ಮೇಡಂ."

ಸಾರ್ ಲ್ಯಾಪ್‌ಟಾಪಿನ ಹಿಂದಿನಿಂದಲೇ ತೀರ್ಪು ಕೊಟ್ಟರು: ಕಾರು ಹೇಗಿದ್ದರೂ ಇದ್ದೇ ಇದೆ, ಹಿಂದೆ ಎರಡು ಮಕ್ಕಳು ಕೂತರೆ ಅದಕ್ಕೇನು ಭಾರ. (ಇದೇ ಮಹಾನುಭಾವರು ಹೋದ ತಿಂಗಳು ಒಬ್ಬರೇ ಮೀಟಿಂಗಿಗೆ ಹೋಗಿಬಂದು, ಪೆಟ್ರೋಲಿನ ಜೊತೆ ಕಾರು ತೊಳೆಸಿದ ದುಡ್ಡನ್ನೂ ತಮ್ಮ ಕಂಪನಿಯಿಂದ ವಸೂಲು ಮಾಡಿದ್ದರು.)

ಮರುದಿನವೇ ಆಯಮ್ಮ ಕಾರಿಗೆ ಹೊದಿಕೆ ಹೊದಿಸಿ ಸತ್ಯಾಗ್ರಹ ಸಾರಿದಳು. ಮಕ್ಕಳ ಕೈ ಹಿಡಿದು ನಡೆದೇ ಹೊರಟಳು. ಅವಳ ವ್ಯೂಹ ಸರಳವಾಗಿತ್ತು: ಚಿಕ್ಕವನು ಎರಡನೆಯ ತಿರುವಿನಲ್ಲೇ ರಚ್ಚೆ ಹಿಡಿಯುತ್ತಾನೆ, ದೊಡ್ಡವಳು ಮನೆಗೆ ಬಂದು ಚಾಡಿ ಹೇಳುತ್ತಾಳೆ, ಸಿಂಹಾಸನ ನಡುಗುತ್ತದೆ.

ಸಿಂಹಾಸನವೇನೋ ನಡುಗಿತು. ಶಾಲೆಯಿಂದ ದಿನವೂ ತಡವೆಂದು ದೂರು ಬಂತು, ಈಜಿನ ಮೇಷ್ಟ್ರು ಫೋನಿನಲ್ಲೇ ಗದರಿದರು. ವಾರ ಕಳೆಯುವುದರೊಳಗೆ ಮೇಡಂ ಸೋತು, ಕಚೇರಿಯ ದರವನ್ನೇ ಒಪ್ಪಿಕೊಂಡರು. ಟೈರಿನ ಸವೆತವೂ ಆ ದರದಲ್ಲೇ ಸೇರಿತು. ಆಯಮ್ಮ ಅಂದೇ ಸಂಜೆ ಮೆಕ್ಯಾನಿಕ್‌ನ ಬಳಿ ಸಾಲ ಹೇಳಿ ನಾಲ್ಕೂ ಟೈರು ಹೊಸದು ಹಾಕಿಸಿದಳು. ಬೆಳಿಗ್ಗೆ ಹೊದಿಕೆ ಸರಿಸಿ, ಸಾಮ್ರಾಜ್ಯ ಗೆದ್ದವಳಂತೆ ಬಾಗಿಲು ತೆರೆದು ನಿಂತಳು.

ಮಕ್ಕಳು ಹತ್ತಲಿಲ್ಲ.

ಅವಳ ವ್ಯೂಹದಲ್ಲಿ ಇಲ್ಲದ್ದೆಲ್ಲ ಆ ದಾರಿಯಲ್ಲಿತ್ತು. ಕಿಡಿ ಹಾರಿಸುವ ವೆಲ್ಡಿಂಗ್ ಅಂಗಡಿಯಿತ್ತು. ಗೇಟಿನ ಸಂದಿಯಿಂದ ಮೂಗು ತೂರಿಸಿ ಚಿಕ್ಕವನ ಕೈ ನೆಕ್ಕುವ ಕುಂಟುನಾಯಿ ಇತ್ತು. ದೊಡ್ಡವಳಿಗೆ ದಾರಿಯುದ್ದಕ್ಕೂ ಗೆಳತಿಯರು ಸಿಕ್ಕಿದ್ದರು. ಚಿಕ್ಕವನನ್ನು ಎತ್ತಿ ಸೀಟಿನಲ್ಲಿ ಕೂರಿಸಿದರೆ ಅವನು ಇನ್ನೊಂದು ಬಾಗಿಲಿನಿಂದ ಇಳಿದು ರಸ್ತೆಬದಿಯಲ್ಲಿ ಅಂಗಾತ ಮಲಗಿದ.

"ನಾಯಿ ಕಾಯ್ತಿರತ್ತೆ ಆಯಮ್ಮ," ಎಂದ, ಮಲಗಿದಲ್ಲಿಂದಲೇ.

ಮಹಡಿಯಿಂದ ನೋಡುತ್ತಿದ್ದ ಮೇಡಂ ಮುಖದಲ್ಲಿ ಸೂರ್ಯೋದಯವಾಯಿತು. ಬೇಗ ಎಬ್ಬಿಸಿ ಕಳಿಸಿದರೆ ತಡವಾಗುವ ಮಾತೇ ಇಲ್ಲ, ಈಜಿನ ಹೊತ್ತನ್ನೂ ಮುಂದೆ ಹಾಕಿಸುತ್ತೇನೆ, ನಡೆದರೆ ಮಕ್ಕಳ ಆರೋಗ್ಯಕ್ಕೂ ಒಳ್ಳೆಯದು ಎಂದರು. "ಕೊಟ್ಟ ಮಾತಿಗೆ ತಪ್ಪಲ್ಲ ಆಯಮ್ಮ. ಕಿಲೋಮೀಟರಿಗೆ ಇಷ್ಟು ಅಂದ್ರೆ ಇಷ್ಟೇ. ಓಡಿಸಿದಷ್ಟೂ ತಗೊಳ್ಳಿ."

ಹೊಸ ಟೈರುಗಳು ನೆರಳಿನಲ್ಲಿ ಮಿರಮಿರ ಮಿಂಚುತ್ತ ನಿಂತವು. ಆಯಮ್ಮ ಈಜಿನ ಚೀಲ, ಊಟದ ಡಬ್ಬಿ, ದೊಡ್ಡವಳ ಪುಸ್ತಕದ ಮೂಟೆ ಹೊತ್ತು ಬಿಸಿಲಲ್ಲಿ ನಡೆದಳು. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಟೈರು ಹೇಗಿದೆ ಎಂದು ಕೇಳಿದ. ಚೆನ್ನಾಗಿ ನಿಂತಿದೆ ಎಂದಳು.

ಸಂಜೆ ಮೇಡಂ ಕಚೇರಿಯಿಂದ ಬಂದಾಗ ಆಯಮ್ಮ ಮನೆಗೆ ಹೊರಡದೆ ನಡುಮನೆಯ ಕುರ್ಚಿಯಲ್ಲೇ ಕೂತಿದ್ದಳು.

"ಏನಾಯ್ತು ಆಯಮ್ಮ?"

"ಕೂತ್ಕೊಳ್ಳಿ ಮೇಡಂ, ಬಾಕಿ ಮಾತಿದೆ. ಕಿಲೋಮೀಟರ್ ಅಂದ್ರೆ ಕಿಲೋಮೀಟರೇ. ಗಾಡಿ ಬದಲಾಗಿದೆ, ಅಷ್ಟೇ," ಎಂದು ಆಯಮ್ಮ ಊದಿದ ಎರಡೂ ಪಾದಗಳನ್ನು ಟೀಪಾಯಿಯ ಮೇಲೆತ್ತಿ ಇಟ್ಟಳು.