ಹೋಳಿಗೆ ಚುನಾವಣೆಯಲ್ಲಿ ಗೆದ್ದವರು ಯಾರು?

ನನಗೆ ಲೆಕ್ಕ ತಪ್ಪುವುದಿಲ್ಲ. ಅಡಿಲೇಡಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವಳು ನಾನು. ಆದ್ದರಿಂದ ನಮ್ಮ ಕನ್ನಡ ಬಳಗದವರು ನನ್ನನ್ನು ಚುನಾವಣಾಧಿಕಾರಿಯಾಗಿ ನೇಮಿಸಿದಾಗ ಆಶ್ಚರ್ಯವೇನೂ ಆಗಲಿಲ್ಲ.

ಚುನಾವಣೆಗೆ ಕಾರಣ ಹೋಳಿಗೆ. ಯುಗಾದಿ ಊಟದ ದಿನ ಸಾಲಿನ ಕೊನೆಯವರು ತಟ್ಟೆ ಹಿಡಿದು ಬರುವಷ್ಟರಲ್ಲಿ ಹೋಳಿಗೆ ಖಾಲಿ. ಆ ಕೊನೆಯಲ್ಲಿ ನಿಂತಿದ್ದವರು ಗಿರಿಜಾ ಆಂಟಿ. ಅಮೆರಿಕದ ಯಾವುದೋ ರಾಜ್ಯದಲ್ಲಿ ಶಾಸಕರನ್ನು ಅವಧಿಗೆ ಮುಂಚೆಯೇ ಇಳಿಸಲು ಚುನಾವಣೆ ನಡೆಸಿದ ಸುದ್ದಿಯನ್ನು ಅವರು ಓದಿದ್ದರು. ನಮ್ಮಲ್ಲೂ ಆಗಲಿ ಎಂದರು. ಏಳು ಜನರ ಸಮಿತಿಯಲ್ಲಿ ಐವರು ಅಧ್ಯಕ್ಷ ಮೂರ್ತಿ ಅಂಕಲ್ ಕಡೆಯವರು, ಇಬ್ಬರು ಆಂಟಿ ಕಡೆಯವರು. ಅಂಕಲ್ ಕಡೆಯ ನಾಲ್ವರನ್ನು ಇಳಿಸಿ ತಮ್ಮವರನ್ನು ಕೂರಿಸಬೇಕೆಂದು ಆಂಟಿ ಪಟ್ಟು ಹಿಡಿದರು. ಆ ನಾಲ್ವರಲ್ಲಿ ಊಟದ ಉಸ್ತುವಾರಿ ಹೊತ್ತಿದ್ದ ನನ್ನ ಗಂಡ ಶ್ರೀಕಾಂತರೂ ಒಬ್ಬರು. ಆದರೂ ನನ್ನ ನೇಮಕಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ನಾನು ಗಂಡನ ಪರವಾಗಿ ಒಂದು ದಿನವೂ ಮಾತಾಡಿದವಳಲ್ಲ ಎಂಬುದಕ್ಕೆ ಇಡೀ ಬಳಗವೇ ಸಾಕ್ಷಿ!

ಪ್ರಾಸ್ಪೆಕ್ಟ್ ಬಡಾವಣೆಯ ಹಾಲ್‌ನಲ್ಲಿ ಮತ ಎಣಿಸಿದೆ. ಮೂವರು ಉಳಿದುಕೊಂಡರು, ಒಬ್ಬರು ಸೋತರು. ಹೆಸರು ಓದಿ ವೇದಿಕೆ ಇಳಿಯುವಷ್ಟರಲ್ಲಿ ಎರಡೂ ಕಡೆಯವರು ಲಾಡು ಹಂಚುತ್ತಿದ್ದರು.

ಮೂರ್ತಿ ಅಂಕಲ್ ಪಕ್ಕಕ್ಕೆ ಕರೆದು, ನಾಲ್ಕರಲ್ಲಿ ಮೂರು ಉಳಿಸಿಕೊಂಡೆವು, ಬಹುಮತವೂ ನಮ್ಮದೇ, ಗೆದ್ದವರು ನಾವೇ ತಾನೆ ಎಂದು ಕೇಳಿದರು. ಹೌದು ಅಂಕಲ್ ಎಂದೆ. ಗಿರಿಜಾ ಆಂಟಿ ಇನ್ನೊಂದು ಪಕ್ಕಕ್ಕೆ ಎಳೆದು, ಅವರದೊಂದು ಸ್ಥಾನ ಕಿತ್ತುಕೊಂಡೆವು, ನಾಲ್ಕೂ ಸ್ಥಾನದ ಮತ ಕೂಡಿದರೆ ನಾವೇ ಮುಂದೆ ಎಂದರು. ಕೂಡಿ ನೋಡಿದೆ. ಅದೂ ನಿಜ. ಹೌದು ಆಂಟಿ ಎಂದೆ.

ಇಷ್ಟಕ್ಕೇ ಮುಗಿದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ರಾಜ್ಯೋತ್ಸವದಲ್ಲಿ ಬಾವುಟ ಹಾರಿಸುವ ಗೌರವ ಗೆದ್ದ ಬಣಕ್ಕೆ ಎಂದು ಮೊದಲೇ ಮಾತಾಗಿತ್ತು. ಗೆದ್ದವರು ಯಾರೆಂದು ನಾನೇ ಬರೆದುಕೊಡಬೇಕಂತೆ, ಅದೂ ಟೀ ಮುಗಿಯುವುದರೊಳಗೆ. ಅಂಕಲ್ ಈ ಊರಿನಲ್ಲಿ ನಮಗೆ ಮೊದಲ ಮನೆ ಹುಡುಕಿಕೊಟ್ಟವರು. ಆಂಟಿ ನನ್ನ ಬಾಣಂತನ ಮಾಡಿದವರು. ಯಾರನ್ನು ಕಳೆದುಕೊಳ್ಳಲಿ? ಕೊನೆಗೆ, "ಸ್ಥಾನಗಳ ದೃಷ್ಟಿಯಿಂದ ಅಧ್ಯಕ್ಷರ ಬಣವೂ ಮತಗಳ ದೃಷ್ಟಿಯಿಂದ ಎದುರು ಬಣವೂ ವಿಜಯಿಗಳೆಂದು ಈ ಮೂಲಕ ಘೋಷಿಸಲಾಗಿದೆ. ಯಾರೂ ಸೋತಿರುವುದಿಲ್ಲ" ಎಂದು ಬರೆದು, ಮೈಕಿನಲ್ಲಿ ಓದಿದೆ. ಚಪ್ಪಾಳೆ ಬಿತ್ತು! ಬಾವುಟದ ಹಗ್ಗವನ್ನು ಇಬ್ಬರೂ ಒಟ್ಟಿಗೆ ಎಳೆಯುವುದೆಂದಾಯಿತು.

ಮಾಡ್ಬರಿಯ ನಮ್ಮ ಮನೆಗೆ ಹೊರಟಾಗ ಕಾರಿನಲ್ಲಿ ಬೀಗುತ್ತ ಕೂತಿದ್ದೆ. ಶ್ರೀಕಾಂತ್ ಓಡಿಸುತ್ತಿದ್ದರು.

"ಯಾರೂ ಸೋತಿಲ್ಲ ಅಂದ್ಯಲ್ಲ, ಹಾಗಾದ್ರೆ ನಾನು ಯಾರು?" ಎಂದರು.

ಆಗ ನೆನಪಾಯಿತು. ಸೋತ ಆ ಒಬ್ಬರು ಇವರೇ. ಆಂಟಿ ಕಡೆಯ ಒಟ್ಟು ಮತ ಮುಂದಿದ್ದುದೂ ಇವರು ಅಷ್ಟು ಹೀನಾಯವಾಗಿ ಸೋತಿದ್ದರಿಂದಲೇ. ಹೆಸರನ್ನು ಮೈಕಿನಲ್ಲಿ ಓದಿದವಳು ನಾನೇ. ಆಮೇಲೆ ಅವರತ್ತ ತಿರುಗಿಯೂ ನೋಡಿರಲಿಲ್ಲ. ನಾಚಿಕೆಯಾಯಿತು.

"ಹೋಗ್ಲಿ ಬಿಡ್ರೀ. ಹೋಳಿಗೆ ಲೆಕ್ಕ ತಪ್ತು, ಜನ ಸಿಟ್ಟು ತೀರಿಸ್ಕೊಂಡ್ರು," ಎಂದೆ.

ಅವರು ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದರು. "ಆ ಲೆಕ್ಕ ಹಾಕ್ಕೊಟ್ಟಿದ್ದು ನೀನೇ ಅಲ್ವಾ? ನಾನು ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ."

ಹೌದು. ಇಲ್ಲಿ ಹುಟ್ಟಿದ ಮಕ್ಕಳು ಹೋಳಿಗೆ ಮುಟ್ಟುವುದಿಲ್ಲ, ಅವಕ್ಕೆ ಪಿಜ್ಜಾ ಸಾಕು ಎಂದು ಅವನ್ನು ಲೆಕ್ಕದಿಂದ ಬಿಟ್ಟಿದ್ದೆ. ಅವು ಸಾಲಿನ ಮುಂದೆ ನಿಂತು ಎರಡೆರಡು ತಿಂದಿದ್ದವು.

ರಾಜ್ಯೋತ್ಸವದ ಊಟದ ಉಸ್ತುವಾರಿಯನ್ನು ನನಗೇ ವಹಿಸಬೇಕೆಂದು ಎರಡೂ ಬಣದವರು ಮೊದಲ ಬಾರಿಗೆ ಒಮ್ಮತದಿಂದ ತೀರ್ಮಾನಿಸಿದ್ದಾರೆ. ನನಗೆ ಲೆಕ್ಕ ತಪ್ಪುವುದಿಲ್ಲವಂತೆ.